ತಲೆ ಮೇಲೋ, ಹೆಗಲ ಮೇಲೋ

ನಮ್ಮ ಕಾರ್ಖಾನೆಗೆ ಒಂದು ದೇಶ ಬೇಕಾಗಿತ್ತು. ಏಷ್ಯಾದಲ್ಲಿ ಯಾವುದಾದರೂ ಸರಿ, ಆದರೆ ಮೂರು ತಿಂಗಳೊಳಗೆ ಗೊತ್ತಾಗಬೇಕಿತ್ತು. ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಇಡೀ ಕಾರ್ಖಾನೆಯಲ್ಲಿ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳು ನಾನೊಬ್ಬಳೇ. ಉಳಿದವರಿಗೆಲ್ಲ ಮಾಡಲು ನಿಜವಾದ ಕೆಲಸಗಳಿದ್ದವು.

ಕಾರ್ಖಾನೆ ಇರುವುದು ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ. ನಾವು ಮಾಡುವುದು ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟು. ಕೋಲಾರದ ಮಾರುಕಟ್ಟೆಯ ಮುಂದೆ ಒಮ್ಮೆಯಾದರೂ ಹಾದುಹೋದವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಮಾವಿನ ಕಾಲ ಬಂದರೆ ಅದೇ ಕ್ರೇಟು ಶ್ರೀನಿವಾಸಪುರದ ಮಂಡಿಗಳಿಗೂ ಹೋಗುತ್ತದೆ. ಈಗ ಹೊರದೇಶಗಳಲ್ಲೂ ಅದನ್ನು ಮಾರಬೇಕೆಂದು ಮಾಲೀಕರಿಗೆ ಆಸೆಯಾಗಿತ್ತು. ಆದರೆ ಕ್ರೇಟಿನಲ್ಲಿ ಮುಕ್ಕಾಲು ಪಾಲು ಇರುವುದು ಗಾಳಿ. ಇಲ್ಲಿ ಮಾಡಿ ಹಡಗಿನಲ್ಲಿ ಕಳಿಸಿದರೆ ಗಾಳಿಗೆ ಬಾಡಿಗೆ ಕಟ್ಟಿದಂತೆ. ಆದ್ದರಿಂದ ಅಚ್ಚನ್ನು ಮಾತ್ರ ಕಳಿಸಿ, ಕ್ರೇಟನ್ನು ಅಲ್ಲೇ ತಯಾರಿಸುವುದು ಎಂದು ತೀರ್ಮಾನವಾಯಿತು. ಅಚ್ಚು ಎಂದರೆ ಒಂದು ಸಣ್ಣ ಕಾರಿನಷ್ಟು ಭಾರದ ಉಕ್ಕಿನ ಗಟ್ಟಿ. ಹೊಸದೊಂದನ್ನು ಮಾಡಿಸಿ ಎಣ್ಣೆ ಸವರಿ, ಟಾರ್ಪಾಲಿನ್ ಹೊದಿಸಿ ಒಂದು ಮೂಲೆಯಲ್ಲಿ ಇಟ್ಟೂ ಆಗಿತ್ತು. ಅದು ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ ಉಳಿದಿತ್ತು.

ಮಾಲೀಕರಿಗೆ ಐವತ್ತು ದಾಟಿದೆ. ಅವರ ತಂದೆ ಹೆಂಚಿನ ಕಾರ್ಖಾನೆ ನಡೆಸುತ್ತಿದ್ದವರು. ‘ಹೆಂಚಾದ್ರೂ ಕ್ರೇಟಾದ್ರೂ ಅಚ್ಚಿನ ಕೆಲ್ಸವೇ ತಾನೇ’ ಎನ್ನುವುದು ಇವರ ಮಾತು. ನನ್ನನ್ನು ಕರೆದು, ಟೀ ತರಿಸಿ, ನಿಯಮ ಹೇಳಿದರು.

“ನೀವೇ ಆರಿಸಿ. ಆದ್ರೆ ಒಂದು. ಯಾರು ಆರಿಸ್ತಾರೋ ಅವ್ರೇ ಅಲ್ಲಿಗೆ ಹೋಗಿ ಮೊದಲ ಎರಡು ವರ್ಷ ಆಫೀಸು ನೋಡ್ಕೋಬೇಕು. ಆಗ ಸರಿಯಾಗಿ ಆರಿಸ್ತಾರೆ.”

“ಆಗ್ಲಿ ಸಾರ್,” ಅಂದೆ.

ಟೀ ಕುಡಿದು ಹೊರಗೆ ಬಂದೆ. ಯಾರಿಗೂ ಹೇಳಲಿಲ್ಲ. ಮುಳಬಾಗಿಲು ಕಡೆ, ದೇವರಾಯಸಮುದ್ರದ ಹತ್ತಿರ ಇರುವ ನಮ್ಮ ಮನೆಗೆ ಫೋನ್ ಮಾಡಿದಾಗಲೂ, ಕೋಲಾರದಲ್ಲಿ ನಾನಿರುವ ಪಿ.ಜಿ.ಯಲ್ಲೂ ಹೇಳಲಿಲ್ಲ. ವಿಷಯ ದೊಡ್ಡದಾದಷ್ಟೂ ನನ್ನ ಬಾಯಿ ಬಿಗಿಯಾಗುತ್ತದೆ.

ಎಂಟು ದೇಶಗಳ ಪಟ್ಟಿ ಮಾಡಿದೆ. ಬಂದರು, ವಿದ್ಯುತ್ತು, ತೆರಿಗೆ, ಕೂಲಿ, ಕ್ರೇಟಿಗೆ ಕರಗಿಸುವ ಪ್ಲಾಸ್ಟಿಕ್ ಕಾಳಿನ ಬೆಲೆ, ಜಾಗದ ಬಾಡಿಗೆ, ಎಷ್ಟು ತರಕಾರಿ ಬೆಳೆಯುತ್ತಾರೆ, ಹೀಗೆ ಹನ್ನೊಂದು ಕಾಲಂಗಳು. ಪ್ರತಿ ಕಾಲಮ್ಮಿಗೂ ಅದರ ಮಹತ್ವಕ್ಕೆ ತಕ್ಕ ತೂಕ. ಈ ಕೆಲಸ ನನಗೆ ಖುಷಿ ಕೊಡುತ್ತಿತ್ತು. ಒಂದು ಅಂಕಿಯನ್ನು ಮೂರು ಕಡೆ ಹುಡುಕಿ, ಮೂರೂ ಒಂದೇ ಆದರೆ ಮಾತ್ರ ಬರೆಯುವುದು ನನ್ನ ಪದ್ಧತಿ.

ಇದರ ನಡುವೆ, ಎರಡನೆಯ ವಾರದಲ್ಲಿ, ನಾನು ವಿಯೆಟ್ನಾಂನ ಒಂದು ವಿಡಿಯೋ ನೋಡಿದೆ. ಯಾರೋ ಪ್ರವಾಸಿ ತೆಗೆದದ್ದು, ಐದಾರು ನಿಮಿಷದ್ದು. ಬೆಳಗಿನ ಹೊತ್ತು, ಒಂದು ಕಾಫಿ ಅಂಗಡಿ. ಅಂಗಡಿಯ ಮುಂದೆ ಗೇಣೆತ್ತರದ ಪ್ಲಾಸ್ಟಿಕ್ ಸ್ಟೂಲುಗಳು. ಜನ ಅವುಗಳ ಮೇಲೆ ಕೂತು, ಎಲ್ಲರೂ ಬೀದಿಯ ಕಡೆಗೇ ಮುಖ ಮಾಡಿ, ಲೋಟ ಹಿಡಿದು ಸುಮ್ಮನೆ ನೋಡುತ್ತಿದ್ದಾರೆ. ಪಕ್ಕದವರನ್ನು ಯಾರೂ ಮಾತಾಡಿಸುತ್ತಿಲ್ಲ. ಒಬ್ಬ ಹುಡುಗಿ ಒಂಟಿಯಾಗಿ ಬಂದು ಕೂತಳು, ಕುಡಿದಳು, ಎದ್ದು ಹೋದಳು. ಅವಳು ಯಾರ ಮಗಳು ಎಂದು ಒಬ್ಬರೂ ಕೇಳಲಿಲ್ಲ.

ಮುಳಬಾಗಿಲು ಬಸ್ ನಿಲ್ದಾಣದಲ್ಲಿ ನಾನು ಐದು ನಿಮಿಷ ನಿಂತರೆ ಮೂರು ಜನ ಕೇಳುತ್ತಾರೆ. ಯಾರ ಮನೆ ಹುಡುಗಿ, ಎಲ್ಲಿ ಕೆಲಸ, ಮದುವೆ ಆಯ್ತಾ, ಯಾಕಾಗಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ. ಅವರು ನಮ್ಮ ತಾತನನ್ನೂ ಹೀಗೇ ಕೇಳಿದವರು. ಆದರೆ ಎರಡು ವರ್ಷ, ಬರೀ ಎರಡು ವರ್ಷ, ಯಾರೂ ಏನೂ ಕೇಳದ ಒಂದು ಊರಿನಲ್ಲಿ ಬೆಳಗ್ಗೆ ಕಾಫಿ ಕುಡಿಯಬೇಕು ಅನ್ನಿಸಿತು. ಆ ವಿಡಿಯೋವನ್ನು ಫೋನಿನಲ್ಲಿ ಉಳಿಸಿಕೊಂಡೆ. ಮಾರನೆಯ ದಿನದಿಂದ ಕೋಲಾರ–ಮಾಲೂರು ಬಸ್ಸಿನಲ್ಲಿ ಆ ಭಾಷೆ ಕಲಿಯಲು ಶುರುಮಾಡಿದೆ. ಒಂದೇ ಅಕ್ಷರವನ್ನು ಆರು ರಾಗದಲ್ಲಿ ಹೇಳಬೇಕಾದ ಭಾಷೆ. ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ಒಂದು ದಿನ ನೋಡಿ ನೋಡಿ, “ಹಲ್ಲು ನೋವೇನಮ್ಮ? ಲವಂಗ ಇಟ್ಕೋ,” ಅಂದು, ತನ್ನ ಕೈಚೀಲದಿಂದ ಲವಂಗವನ್ನೂ ತೆಗೆದುಕೊಟ್ಟಳು. ಬಾಯಲ್ಲಿ ಇಟ್ಟುಕೊಳ್ಳದೆ ವಿಧಿಯಿರಲಿಲ್ಲ.

ಎರಡೂವರೆ ತಿಂಗಳಿಗೆ ಕೋಷ್ಟಕ ಮುಗಿಯಿತು. ಮೊದಲ ಸ್ಥಾನ ವಿಯೆಟ್ನಾಂ. ಎರಡನೆಯದು ಇಂಡೋನೇಷ್ಯಾ, ತೀರ ಹಿಂದೆಯೇನಲ್ಲ. ಯಾವ ಅಂಕಿಯೂ ಸುಳ್ಳಲ್ಲ. ಆದರೆ ಯಾವ ಕಾಲಮ್ಮಿಗೆ ಎಷ್ಟು ತೂಕ ಎಂದು ನಿರ್ಧರಿಸಿದವಳು ನಾನು. ನನ್ನ ಕೈ ಎತ್ತ ವಾಲಿತ್ತು ಎಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಇದ್ದೆ.

ಮಾಲೀಕರು ಓದಿ, “ಭೇಷ್,” ಅಂದರು. “ಸೋಮವಾರ ಫೈನಲ್ ಮಾಡೋಣ. ಶನಿವಾರ ನನ್ನ ಜೊತೆ ಹೋಳೂರಿಗೆ ಬನ್ನಿ, ಹೊಸ ಬ್ಯಾಚು ಟೆಸ್ಟಿಗೆ ಕೊಡ್ಬೇಕು.”

ಟೆಸ್ಟು ನಡೆಯುವುದು ನಮ್ಮ ಅತ್ತೆಯ ಕೈಯಲ್ಲಿ. ಅತ್ತೆ ಅಂದರೆ ಅಪ್ಪನ ತಂಗಿ. ಹೋಳೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದ್ದಾರೆ. ಹನ್ನೆರಡು ಹೆಂಗಸರ ಗುಂಪು ಕಟ್ಟಿಕೊಂಡು ಸುತ್ತಮುತ್ತಲ ತೋಟಗಳಲ್ಲಿ ಟೊಮೆಟೊ ಬಿಡಿಸುತ್ತಾಳೆ. ಬಹಳ ವರ್ಷದ ಹಿಂದೆ ಮಾಲೀಕರು ಕ್ರೇಟು ಹೇಗಿದೆ ಎಂದು ಕೇಳಲು ತೋಟಕ್ಕೆ ಹೋದಾಗ, “ಗಟ್ಟಿ ಐತೆ ಸಾರ್. ಆದ್ರೆ ಇದನ್ನ ಹೊರದೇ ಇರೋರು ಮಾಡವ್ರೆ,” ಅಂದಿದ್ದಳಂತೆ. ಆ ಮಾತಿನಿಂದ ಹುಟ್ಟಿದ್ದು ನಮ್ಮ ಕ್ರೇಟಿನ ತಳದಲ್ಲಿರುವ ತಗ್ಗು. ಊಟದ ತಟ್ಟೆಯಷ್ಟು ಅಗಲ, ಒಂದು ಬೆರಳಿನಷ್ಟು ಆಳ. ತಲೆಯ ಮೇಲೆ ಬಟ್ಟೆಯ ಸಿಂಬೆ ಸುತ್ತಿ ಕ್ರೇಟು ಏರಿಸಿದರೆ ಸಿಂಬೆ ಆ ತಗ್ಗಿನಲ್ಲಿ ಕೂರುತ್ತದೆ. ಹದಿನೈದು ಕಿಲೋ ಟೊಮೆಟೊ ಹೊತ್ತು ಬದುವಿನ ಮೇಲೆ ಕೈ ಬಿಟ್ಟು ನಡೆಯಬಹುದು. ಬೇರೆ ಯಾರ ಕ್ರೇಟಿನಲ್ಲೂ ಅದಿಲ್ಲ. ನಮ್ಮ ಕ್ರೇಟು ಓಡುವುದೇ ಆ ತಗ್ಗಿನಿಂದ. ಅಂದಿನಿಂದ ಪ್ರತಿ ಹೊಸ ಬ್ಯಾಚಿನ ಮೊದಲ ಇಪ್ಪತ್ತು ಕ್ರೇಟು ಅತ್ತೆಯ ಗುಂಪಿಗೆ ಹೋಗುತ್ತದೆ.

ನಾನು ಆಕೆಯ ಅಣ್ಣನ ಮಗಳೆಂದು ಮಾಲೀಕರಿಗೆ ಹೇಳಿರಲಿಲ್ಲ. ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಮೇಲೆ ಅತ್ತೆಯೇ ಹೇಳಿದಳು. “ಎಂಟು ತಿಂಗ್ಳು ಬಾಯಿ ಬಿಟ್ಟಿಲ್ವಲ್ರೀ ನೀವು!” ಎಂದು ಅವರು ಒಂದು ವಾರ ನಗುತ್ತಿದ್ದರು.

ಶನಿವಾರ ನಾವು ತೋಟ ತಲುಪಿದಾಗ ಹೆಂಗಸರು ಹೊಂಗೆಮರದ ಕೆಳಗೆ ಊಟಕ್ಕೆ ಕೂತಿದ್ದರು. ಟೊಮೆಟೊ ಬಿಡಿಸಿದ ಕೈಗಳೆಲ್ಲ ಹಸಿರುಗಪ್ಪಾಗಿ ಅಂಟಂಟಾಗಿದ್ದವು. ನಮಗೂ ಮುದ್ದೆ ಬಂತು. ಮಾಲೀಕರು ಒಂದು ತುತ್ತು ನುಂಗಿ, ನನ್ನನ್ನು ಒಂದು ಮಾತೂ ಕೇಳದೆ ಹೇಳಿಬಿಟ್ಟರು.

“ಅಕ್ಕಾ, ನಿಮ್ಮಣ್ಣನ ಮಗಳು ಫಾರಿನ್ನಿಗೆ ಹೋಗ್ತಾವ್ರೆ, ಗೊತ್ತಾ? ವಿಯೆಟ್ನಾಂ. ಎರಡು ವರ್ಷ.”

ಹನ್ನೆರಡು ಜನರ ಕೈ ತಟ್ಟೆಯಲ್ಲೇ ನಿಂತಿತು. ಅತ್ತೆ ನನ್ನನ್ನು ನೋಡಿದಳು.

“ಏನೇ, ನಮ್ಮಣ್ಣಂಗೆ ಗೊತ್ತಾ?”

“ಹೇಳ್ಬೇಕು ಅತ್ತೆ.”

“ಯಾವಾಗ, ಏರೋಪ್ಲೇನ್ ಹತ್ತಿದ್ಮೇಲಾ?”

ಎಲ್ಲರೂ ನಕ್ಕರು. ಆಮೇಲೆ ಪ್ರಶ್ನೆಗಳು ಸುರಿದವು. ಮುದ್ದೆ ಸಿಗ್ತದಾ? ಇಲ್ಲ. ಬಸ್ಸು ಹೋಗ್ತದಾ? ಇಲ್ಲ. ಗಡಿಯಾಚೆಯಿಂದ ಬಂದು ಇಲ್ಲಿ ಸೊಸೆಯಾಗಿರುವ ಒಬ್ಬಳು, “ಅಕ್ಕಡ ತೆಲುಗು ಮಾಟ್ಲಾಡ್ತಾರಾ?” ಅಂತ ಕೇಳಿದಳು. ಇಲ್ಲ ಅಂದೆ. “ಹಾಗಾದ್ರೆ ಯಾಕ್ ಹೋಗ್ತೀಯಾ?” ಅಂದಳು, ನಿಜವಾಗಿ ಅರ್ಥವಾಗದೆ.

ಮಾಲೀಕರು ನನ್ನ ಕೋಷ್ಟಕದ ಬಗ್ಗೆ ಹೆಮ್ಮೆಯಿಂದ ಹೇಳತೊಡಗಿದರು. ಹನ್ನೊಂದು ಕಾಲಂ, ಎಂಟು ದೇಶ, ಬಂದರಿನಿಂದ ಹಿಡಿದು ಕರೆಂಟಿನವರೆಗೆ. ಅತ್ತೆ ಮುದ್ದೆ ಮುರಿಯುತ್ತ ಕೇಳಿಸಿಕೊಂಡಳು.

“ಎಲ್ಲಾ ಸರಿ ಸಾರ್. ಅಲ್ಲಿ ಹೆಂಗಸ್ರು ಹೊರೆ ಎಲ್ಲಿ ಹೊರ್ತಾರೆ?”

“ಎಲ್ಲಿ ಅಂದ್ರೆ? ತಲೆ ಮೇಲೆ.”

“ನೋಡಿದೀರಾ ನೀವು?”

ಮಾಲೀಕರು ನೋಡಿರಲಿಲ್ಲ. ನನ್ನ ಕಡೆಗೆ ತಿರುಗಿದರು. “ಮೇಡಂ, ನೀವು ನೋಡಿದೀರಾ?”

ಆ ವಿಡಿಯೋ ನನಗೆ ಬಾಯಿಪಾಠವಾಗಿತ್ತು. ಎರಡನೆಯ ನಿಮಿಷದಲ್ಲಿ, ಸ್ಟೂಲುಗಳ ಮುಂದೆ, ಒಬ್ಬ ಹೆಂಗಸು ಹಾದುಹೋಗುತ್ತಾಳೆ. ಹೆಗಲ ಮೇಲೆ ಬಿದಿರಿನ ಅಡ್ಡೆ, ಅದರ ಎರಡು ತುದಿಗೂ ತೂಗುವ ಬುಟ್ಟಿ. ನೂರು ಸಲ ನೋಡಿದ್ದೆ. ಸುಂದರವಾಗಿ ನಡೆಯುತ್ತಾಳೆ ಎಂದು ಮೆಚ್ಚಿಕೊಂಡೂ ಇದ್ದೆ. ಅವಳೂ ಹೊರೆ ಹೊರುವವಳು, ನಮ್ಮ ಕ್ರೇಟನ್ನು ನಾಳೆ ಹೊರಬೇಕಾದವಳು ಅವಳೇ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಹೊರೆ ಎಂದರೆ ತಲೆಯ ಮೇಲೆ, ಅದರಲ್ಲಿ ಕೇಳುವುದೇನಿದೆ? ನಮ್ಮ ಕಡೆ ಹುಟ್ಟಿದ ಯಾರಿಗೂ ಆ ಪ್ರಶ್ನೆ ಬರುವುದಿಲ್ಲ. ಮಾಲೀಕರಿಗೂ ಬಂದಿರಲಿಲ್ಲ, ಅಚ್ಚು ಕೊರೆದವರಿಗೂ ಬಂದಿರಲಿಲ್ಲ.

‘ವಿಚಾರಿಸ್ತೀನಿ ಸಾರ್’ ಎಂದು ಹೇಳಬಹುದಿತ್ತು. ಸೋಮವಾರಕ್ಕೆ ಎರಡೇ ದಿನ ಇತ್ತು, ಅವರು ಮರೆತೂ ಬಿಡುತ್ತಿದ್ದರೇನೋ.

“ನೋಡಿದೀನಿ ಸಾರ್,” ಅಂದೆ. ಕೈ ತೊಳೆದು ಬಂದು ಫೋನ್ ತೆಗೆದುಕೊಟ್ಟೆ.

ನನ್ನ ಆ ಬೆಳಗಿನ ಬೀದಿ ಹನ್ನೆರಡು ಅಂಟುಗೈಗಳನ್ನು ಸುತ್ತಿ ಬಂತು. “ಏನೇ ಇದು, ಮಕ್ಳು ಕೂರೋ ಸ್ಟೂಲ್ ಮೇಲೆ ದೊಡ್ಡೋರು ಕೂತವ್ರೆ.” “ಯಾಕ್ ಹಿಂಗ್ ಸುಮ್ನೆ ಕೂತವ್ರೆ, ಯಾರಾದ್ರೂ ಸತ್ತವ್ರಾ?” ಆಮೇಲೆ ಆ ಹೆಂಗಸು ಬಂದಳು.

“ಓರಿ ದೇವುಡಾ! ಕಾವಡಿ!”

“ದಿನಾ ಕಾವಡಿ ಹೊರ್ತಾರಾ? ಏನ್ ಹರಕೆ ಇವ್ರದ್ದು?”

ಅತ್ತೆ ನಗಲಿಲ್ಲ. ವಿಡಿಯೋವನ್ನು ಎರಡು ಸಲ ಹಿಂದಕ್ಕೆ ತಳ್ಳಿ ಆ ಹೆಂಗಸಿನ ಮೊಣಕಾಲನ್ನೇ ನೋಡಿದಳು. ಎದ್ದು, ಟೊಮೆಟೊ ಗಿಡಕ್ಕೆ ಆಸರೆಯಾಗಿ ನೆಡಲು ತಂದಿದ್ದ ನೀಲಗಿರಿ ಗಳವೊಂದನ್ನು ಎಳೆದಳು. ಎರಡು ಕ್ರೇಟಿಗೆ ಹಗ್ಗ ಕಟ್ಟಿಸಿದಳು. ಅರ್ಧರ್ಧ ತುಂಬಿಸಿದಳು. ಸೆರಗು ಸಿಕ್ಕಿಸಿಕೊಂಡು, ಗಳವನ್ನು ಹೆಗಲಿಗೇರಿಸಿ ಎದ್ದು ನಿಂತಳು.

ಮೊದಲ ಹೆಜ್ಜೆಗೆ ಮುಂದಿನ ಕ್ರೇಟು ಗಿರ್ರನೆ ತಿರುಗಿತು. ಎರಡನೆಯದಕ್ಕೆ ಹಿಂದಿನದು ಬಂದು ಮೀನಖಂಡಕ್ಕೆ ಬಡಿಯಿತು. ಹಿಡಿಗಳು ಕೈಗೆಂದು ಮಾಡಿದವು, ಹಗ್ಗಕ್ಕಲ್ಲ; ಹಗ್ಗ ಒಂದು ಪಕ್ಕಕ್ಕೆ ಜಾರಿತು, ಕ್ರೇಟು ವಾಲಿತು. ಐದನೆಯ ಹೆಜ್ಜೆಗೆ ಅತ್ತೆಯೇ ಒಂದು ಸುತ್ತು ತಿರುಗಿ, ಟೊಮೆಟೊಗಳು ಮಾಲೀಕರ ಶೂಗಳವರೆಗೂ ಉರುಳಿದವು. ಹೆಂಗಸರು ನಕ್ಕು ನಕ್ಕು ಮರಕ್ಕೆ ಒರಗಿಕೊಂಡರು. ಒಬ್ಬಳು, “ಅಕ್ಕಾ, ನಿಂಗೆ ಮೈಮೇಲೆ ಬಂದದೆ, ಮಂಗಳಾರತಿ ತರ್ಲಾ?” ಅಂದಳು. ಅತ್ತೆ ಗಳ ಕೆಳಗಿಟ್ಟು, ಕಾಲು ತಿಕ್ಕುತ್ತ, ತಾನೂ ನಕ್ಕಳು.

“ನಂಗ್ ಅಭ್ಯಾಸ ಇಲ್ಲ ಅನ್ನಿ. ಆದ್ರೆ ಅವ್ಳ ಬುಟ್ಟಿ ನೋಡಿ, ದುಂಡಗೈತೆ, ತಟ್ಟೆ ಹಂಗೆ. ಮೂಲೆ ಇಲ್ಲ. ನಿಮ್ದು ನಾಕ್ ಮೂಲೆ, ನಾಕೂ ಕಾಲಿಗೆ ಬಡೀತದೆ. ತಳದಲ್ಲಿರೋ ತಗ್ಗು ಅವ್ಳಿಗೆ ಯಾಕ್ ಬೇಕು?” ಎಂದವಳು, ನನ್ನ ಕಡೆ ತಿರುಗಿ ಕೇಳಿದಳು: “ಹನ್ನೊಂದು ಕಾಲಮ್ಮಲ್ಲಿ ಹೊರೋರು ಎಲ್ಲೂ ಇಲ್ವೇನೇ?”

“ಇಲ್ಲ ಅತ್ತೆ.”

ಮಾಲೀಕರು ಬಾಗಿ ಟೊಮೆಟೊ ಆಯ್ದು ಕ್ರೇಟಿಗೆ ಹಾಕುತ್ತಿದ್ದರು. “ನಂಗೂ ಹೊಳೀಲಿಲ್ಲ,” ಅಂದರು. “ಹನ್ನೆರಡನೇ ಕಾಲಂ ಸೇರ್ಸಿ, ಮೇಡಂ.”

ಭಾನುವಾರ ಇಡೀ ದಿನ ನಾನು ಎಂಟು ದೇಶಗಳ ಸಂತೆಗಳನ್ನು ನೋಡಿದೆ. ಕಾಫಿ ಅಂಗಡಿಗಳನ್ನಲ್ಲ. ತರಕಾರಿ ಮಾರುಕಟ್ಟೆಗಳನ್ನು, ಬೆಳಗಿನ ಜಾವ ಲಾರಿಯಿಂದ ಸರಕು ಇಳಿಸುವ ವಿಡಿಯೋಗಳನ್ನು. ವಿಡಿಯೋ ನಿಲ್ಲಿಸಿ ನಿಲ್ಲಿಸಿ, ಒಬ್ಬೊಬ್ಬರ ಹೊರೆ ಎಲ್ಲಿದೆ ಎಂದು ಗೀಟು ಹಾಕಿಕೊಂಡೆ. ತಲೆ, ಹೆಗಲು, ಬೆನ್ನು, ಕೈಗಾಡಿ. ನೇಪಾಳದವರು ಬುಟ್ಟಿಯನ್ನು ಬೆನ್ನಿಗೆ ಹಾಕಿ ಅದರ ಪಟ್ಟಿಯನ್ನು ಹಣೆಗೆ ಕೊಡುತ್ತಾರೆ. ವಿಯೆಟ್ನಾಂನಲ್ಲಿ ಹೆಗಲು, ಇಲ್ಲವೇ ಸ್ಕೂಟರು. ಇಂಡೋನೇಷ್ಯಾ ಒಂದೇ ದೇಶವಾದರೂ ದ್ವೀಪಕ್ಕೊಂದು ರೀತಿ. ಜಾವಾದಲ್ಲಿ ಹೆಗಲೂ ಬೆನ್ನೂ. ಆದರೆ ಅದರ ಪೂರ್ವ ಭಾಗದಲ್ಲಿರುವ ಸುರಬಾಯ ನಗರದ ಎದುರಿಗೆ ಮದುರಾ ಎಂಬ ದ್ವೀಪ, ಇನ್ನಷ್ಟು ಪೂರ್ವಕ್ಕೆ ಬಾಲಿ. ಎರಡು ಕಡೆಯೂ ಹೆಂಗಸರ ತಲೆಯ ಮೇಲೆ ಬಟ್ಟೆಯ ಸುರುಳಿ, ಅದರ ಮೇಲೆ ಹೊರೆ, ಕೈ ಎರಡೂ ಖಾಲಿ. ಒಬ್ಬಳು ಥೇಟ್ ನಮ್ಮ ಅತ್ತೆಯ ಹಾಗೆ ಕುತ್ತಿಗೆ ನೆಟ್ಟಗಿಟ್ಟು, ಸೊಂಟ ಮಾತ್ರ ಆಡಿಸುತ್ತ ನಡೆದಳು. ಸುರಬಾಯದಲ್ಲಿ ಬಂದರೂ ಇದೆ.

ಹನ್ನೆರಡನೆಯ ಕಾಲಂ ಸೇರಿಸಿದೆ. ಈಗ ಅದಕ್ಕೆ ತೂಕ ಕೊಡಬೇಕು. ನೂರಕ್ಕೆ ಐದು ಕೊಟ್ಟೆ. ವಿಯೆಟ್ನಾಂ ಮೊದಲು. ಹದಿನೈದು ಕೊಟ್ಟೆ. ಇಂಡೋನೇಷ್ಯಾ ಮೊದಲು. ಒಂದೊಂದೇ ಏರಿಸುತ್ತ ಹೋದೆ. ಒಂಬತ್ತರವರೆಗೆ ವಿಯೆಟ್ನಾಂ ಉಳಿಯಿತು, ಹತ್ತಕ್ಕೆ ಬಿತ್ತು. ಒಂಬತ್ತು ಎಂದು ಬರೆದರೆ ಕೇಳುವವರು ಯಾರೂ ಇರಲಿಲ್ಲ. ಒಂಬತ್ತು ಬಹಳ ಸಭ್ಯವಾದ ಅಂಕಿ. ಬರೆದೆ. ಅಳಿಸಿದೆ. ಮತ್ತೆ ಬರೆದೆ.

ಸೋಮವಾರ ಆ ಚೌಕವನ್ನು ಖಾಲಿ ಬಿಟ್ಟೇ ಮಾಲೀಕರ ಕೋಣೆಗೆ ಹೋದೆ.

“ಇದರ ತೂಕ ನೀವೇ ಹಾಕ್ಬೇಕು ಸಾರ್.”

“ಯಾಕೆ?”

“ನನಗೆ ವಿಯೆಟ್ನಾಂಗೆ ಹೋಗೋ ಆಸೆ ಇದೆ. ನಾನು ಹಾಕಿದ್ರೆ ಸರಿಯಾಗಲ್ಲ. ಮೊದಲಿನ ಹನ್ನೊಂದರಲ್ಲೂ ಸ್ವಲ್ಪ ಆ ಕಡೆ ವಾಲಿದೀನಿ.”

ಇಷ್ಟು ಹೇಳಲು ನಾನು ಬಸ್ಸಿನುದ್ದಕ್ಕೂ ತಯಾರಿ ಮಾಡಿದ್ದೆ. ತಪ್ಪು ಒಪ್ಪಿಕೊಳ್ಳುವುದು ನನಗೆ ಕಷ್ಟವಲ್ಲ. ಆಸೆಯನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ಮಾಲೀಕರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ.

“ನಮ್ಮಪ್ಪ ಹೆಂಚಿಗೆ ಮಣ್ಣು ಹುಡುಕೋಕೆ ಹೋಗ್ತಿದ್ರು,” ಅಂದರು. “ಮಾಲೂರು ಸುತ್ತ ಎಷ್ಟೊಂದು ಕೆರೆ. ಆದ್ರೂ ವರ್ಷಕ್ಕೆರಡು ಲೋಡು ಮುಳಬಾಗಿಲು ಕಡೆಯಿಂದ್ಲೇ ಬರ್ಬೇಕು. ಆ ಮಣ್ಣಲ್ಲಿ ಅದೇನೋ ಗುಣ ಐತೆ ಅಂತಿದ್ರು. ಅವ್ರು ಹೋದ್ಮೇಲೆ ನಾನೊಂದ್ಸಲ ಲಾರಿಯಲ್ಲಿ ಜೊತೆಗೆ ಹೋದೆ. ಡ್ರೈವರ್ ಸೀದಾ ಹೋಗಿ ದೋಸೆ ಹೋಟ್ಲು ಮುಂದೆ ನಿಲ್ಸಿದ. ‘ನಿಮ್ಮಪ್ಪಾರಿಗೆ ಮೂರು ದೋಸೆ ಆಗ್ಬೇಕಿತ್ತು, ಆಮೇಲೇನೇ ಮಣ್ಣು ನೋಡ್ತಿದ್ದಿದ್ದು’ ಅಂದ.” ನಗು ಮುಗಿಸಿ, ಕನ್ನಡಕ ಹಾಕಿಕೊಂಡರು. “ಮಣ್ಣು ಒಳ್ಳೇದೇ ಇತ್ತು ಅನ್ನಿ.”

ಪೆನ್ನು ತೆಗೆದುಕೊಂಡು ಖಾಲಿ ಚೌಕದಲ್ಲಿ ಇಪ್ಪತ್ತು ಎಂದು ಬರೆದರು.

“ಅಚ್ಚು ಬದಲಾಯಿಸೋಕೆ ಒಂದು ವರ್ಷ ಬೇಕು. ದೇಶ ಬದಲಾಯಿಸೋಕೆ ಒಂದು ಮಧ್ಯಾಹ್ನ ಸಾಕು.”

ಹತ್ತು ಕ್ರೇಟುಗಳನ್ನು ವಿಮಾನದಲ್ಲಿ ಸುರಬಾಯಕ್ಕೆ ಕಳಿಸಿದೆವು. ಅಲ್ಲಿ ತರಕಾರಿಯ ಸಗಟು ವ್ಯಾಪಾರ ಮಾಡುವ ಒಬ್ಬ ಹೆಂಗಸನ್ನು ನಾನು ಫೋನಿನಲ್ಲಿ ಪರಿಚಯ ಮಾಡಿಕೊಂಡಿದ್ದೆ. ಅರವತ್ತರ ಹತ್ತಿರದ ವಯಸ್ಸು, ಮುರುಕು ಇಂಗ್ಲಿಷು, ದೊಡ್ಡ ದನಿ. ಮೊದಲ ವಿಡಿಯೋ ಕರೆಯಲ್ಲಿ ಆಕೆ ಕೇಳಿದ ಮೊದಲ ಪ್ರಶ್ನೆ ಬೆಲೆಯ ಬಗ್ಗೆ ಅಲ್ಲ. ಸ್ನಾನ ಆಯಿತಾ ಎಂದು ಕೇಳಿದಳು. ಎರಡನೆಯದು, ಊಟ ಆಯಿತಾ. ಮೂರನೆಯದು, ಮದುವೆ ಆಯಿತಾ. ನಾನು ಗಾಬರಿಯಿಂದ ಹೌದು, ಹೌದು, ಇಲ್ಲ ಎಂದೆ. ಆಕೆ ತನ್ನ ಅಂಗಡಿಯಲ್ಲಿದ್ದ ನಾಲ್ಕೈದು ಜನರನ್ನು ಕರೆದು, ಫೋನಿನಲ್ಲಿ ನನ್ನನ್ನು ತೋರಿಸಿ, ಏನೋ ಹೇಳಿದಳು. ಎಲ್ಲರೂ ನನಗೆ ಕೈ ಬೀಸಿದರು. ನನ್ನ ಹಿಂದೆ ನಿಂತು ನೋಡುತ್ತಿದ್ದ ಮಾಲೀಕರು, “ಇದ್ಯಾಕೋ ನಮ್ ಕಡೆಯವ್ರ ಹಾಗೇ ಇದಾರಲ್ಲ,” ಅಂದರು. ಅದೇ ನನ್ನ ತೊಂದರೆ ಎಂದು ಅವರಿಗೆ ಹೇಗೆ ಹೇಳುವುದು?

ಕ್ರೇಟು ತಲುಪಿದ ಮೇಲೆ ಆಕೆ ಒಂದು ವಿಡಿಯೋ ಕಳಿಸಿದಳು. ತನ್ನ ಅಂಗಡಿಗೆ ಬರುವ ಮದುರಾದ ಮುದುಕಿಯೊಬ್ಬಳ ಮುಂದೆ ತುಂಬಿದ ಕ್ರೇಟು ಇಟ್ಟಿದ್ದಾರೆ. ಮುದುಕಿ ಅದನ್ನು ಒಂದು ಸುತ್ತು ನೋಡಿ, ಬಗ್ಗಿ ತಳಕ್ಕೆ ಕೈ ಹಾಕಿ ಸವರಿದಳು. ತಗ್ಗು ಸಿಕ್ಕಿತು. ಯಾರೂ ಹೇಳಿಕೊಡಲಿಲ್ಲ. ಬಟ್ಟೆ ಸುತ್ತಿ ತಲೆಗಿಟ್ಟು, ಕ್ರೇಟು ಏರಿಸಿಕೊಂಡು, ಕೈ ಬಿಟ್ಟು, ಸರಸರನೆ ನಡೆದು ಚಿತ್ರದಿಂದ ಆಚೆಗೆ ಹೋದಳು. ವಿಡಿಯೋ ಇನ್ನೂ ಸ್ವಲ್ಪ ಹೊತ್ತು ಖಾಲಿ ನೆಲವನ್ನು ತೋರಿಸುತ್ತಿತ್ತು. ಎಲ್ಲಿಗೆ ಹೋದಳು ಎಂದು ಕೇಳಿದ್ದಕ್ಕೆ, ಮನೆಗೆ ಎಂದು ಉತ್ತರ ಬಂತು. ಕ್ರೇಟು ಅವಳಿಗೆ ಇಷ್ಟವಾಗಿದೆಯಂತೆ. ವಾಪಸ್ಸು ಕೊಡುವುದಿಲ್ಲವಂತೆ.

ಮಾಲೀಕರು ಅದನ್ನು ಕಾರ್ಖಾನೆಯವರಿಗೆಲ್ಲ ತೋರಿಸಿದರು. ಸಂಜೆ ನನ್ನನ್ನು ಕರೆದರು.

“ದೇಶ ಆಯ್ತು. ಈಗ ನಿಮ್ದು. ಆರಿಸಿದವ್ರೇ ಹೋಗ್ಬೇಕು ಅಂದಿದ್ದೆ. ಆದ್ರೆ ನೀವು ಆರಿಸಿದ್ದು ಬೇರೆ. ಬಲವಂತ ಇಲ್ಲ. ನಾಳೆ ಸಂಜೆ ಒಳಗೆ ಹೇಳಿ. ಇಲ್ಲ ಅಂದ್ರೆ ಬೇರೆ ಯಾರನ್ನಾದ್ರೂ ನೋಡ್ತೀನಿ.”

ಮಾರನೆಯ ದಿನ ರಜೆ ಹಾಕಿ ಹೋಳೂರಿನ ಬಸ್ಸು ಹತ್ತಿದೆ. ಅತ್ತೆಯ ಸಲಹೆ ಕೇಳಬೇಕೆಂದೇನೂ ಅಲ್ಲ. ಪಿ.ಜಿ.ಯಲ್ಲಿ ಕೂತರೆ ಕೋಷ್ಟಕ ಮಾಡಿಬಿಡುತ್ತೇನೆ ಎಂದು ಭಯವಾಯಿತು. ಒಂದು ಕಡೆ ಯಾರೂ ಕೇಳದ ಬೀದಿ, ಕೈತಪ್ಪಿದ್ದು. ಇನ್ನೊಂದು ಕಡೆ ಸ್ನಾನ ಆಯಿತಾ ಎಂದು ಕೇಳುವ ಊರು, ಎರಡು ವರ್ಷ. ಹೋಗದೆ ಇದ್ದರೆ ಎರಡೂ ಇಲ್ಲ.

ಅತ್ತೆಗೆ ಎಲ್ಲ ಹೇಳಿದೆ. ಆಕೆ ಬಿಡಿಸುವ ಕೈ ನಿಲ್ಲಿಸಲಿಲ್ಲ.

“ಹೋದ್ರೆ ಅಲ್ಲಿ ಏನಾಗಿರ್ತೀಯ?”

“ಮ್ಯಾನೇಜರು.”

“ಯಾವತ್ತಾದ್ರೂ ಕ್ರೇಟು ಹೊತ್ತಿದೀಯಾ?”

ಹೊತ್ತಿರಲಿಲ್ಲ. ಓದುವ ಹುಡುಗಿ ಎಂದು ಮನೆಯಲ್ಲಿ ಯಾರೂ ಹೊರಿಸಿರಲಿಲ್ಲ.

“ಸರಿಪೋಯಿಂದಿ! ಹೊರದೇ ಇರೋಳು ಹೊರೋರ್ಗೆ ಮ್ಯಾನೇಜರು,” ಅಂದಳು. “ಬಾ ಇಲ್ಲಿ.”

ತಲೆಯ ಮೇಲೆ ಹಳೆ ಸೀರೆಯ ತುಂಡು ಸುತ್ತಿಟ್ಟಳು. ಇಬ್ಬರು ಆ ಕಡೆ ಈ ಕಡೆ ನಿಂತು ತುಂಬಿದ ಕ್ರೇಟನ್ನು ಎತ್ತಿ ಇಟ್ಟರು. ಕುತ್ತಿಗೆ ಒಂದು ಇಂಚು ಒಳಗೆ ಹೋದ ಹಾಗಾಯಿತು. “ನೆಲ ನೋಡ್ಬೇಡ, ಕಾಲಿಗೆ ಗೊತ್ತಿರ್ತದೆ,” ಎಂದು ಬೆನ್ನಿಗೊಂದು ತಟ್ಟಿದಳು.

ತೋಟದಿಂದ ಟೆಂಪೋ ನಿಂತಿದ್ದ ರಸ್ತೆಗೆ ಬದುವಿನ ಮೇಲೆ ಇನ್ನೂರು ಹೆಜ್ಜೆ. ಎಣಿಸಿದೆ. ಮೊದಲ ಇಪ್ಪತ್ತು ಹೆಜ್ಜೆ ಡ್ರಿಪ್ ಪೈಪಿಗೆ ಕಾಲು ತಾಗುತ್ತಿತ್ತು. ಆಮೇಲೆ ನಿಜವಾಗಿಯೂ ಕಾಲಿಗೆ ಗೊತ್ತಾಯಿತು. ಸಿಂಬೆ ತಗ್ಗಿನಲ್ಲಿ ಕೂತಿರುವುದು ತಲೆಗೆ ತಿಳಿಯುತ್ತದೆ. ಬೀಗಕ್ಕೆ ಬೀಗದ ಕೈ ಕೂತ ಹಾಗೆ. ಆದರೆ ಕೈ ಬಿಡುವಷ್ಟು ಧೈರ್ಯ ಬರಲಿಲ್ಲ. ಹಿಡಿ ಹಿಡಿಯಲು ಹೋದರೆ ನನ್ನ ಕೈಗೆ ಅದು ಪೂರ್ತಿ ಎಟುಕಲಿಲ್ಲ. ಅತ್ತೆ ಎತ್ತರದ ಹೆಂಗಸು. ಅವಳ ಅಳತೆಗೆ ಮಾಡಿದ ಹಿಡಿ ಅದು. ವಿಡಿಯೋದಲ್ಲಿ ನೋಡಿದ ಮುದುಕಿ ನನಗಿಂತಲೂ ಗಿಡ್ಡಕ್ಕಿದ್ದಳು. ಅವಳಿಗೆ ಕೈ ಬೇಕಾಗಲಿಲ್ಲ ಸರಿ, ಆದರೆ ಎಲ್ಲರೂ ಅವಳಲ್ಲ. ಹೊಸದಾಗಿ ಕಲಿಯುವ ಹುಡುಗಿಯರು ಏನು ಮಾಡಬೇಕು? ನೂರು ಹೆಜ್ಜೆ ದಾಟುವಷ್ಟರಲ್ಲಿ ನಾನು ಸುರಬಾಯದ ಹುಡುಗಿಯರ ಕೈಯ ಉದ್ದದ ಬಗ್ಗೆ ಯೋಚಿಸುತ್ತಿದ್ದೆ. ಅಲ್ಲಿಗೆ ಹೋಗಿ ಮೊದಲ ವಾರವೇ ಅಳತೆ ತೆಗೆಯಬೇಕು, ಆ ವ್ಯಾಪಾರಿ ಹೆಂಗಸಿನ ಅಂಗಡಿಯಲ್ಲೇ ಶುರುಮಾಡಬಹುದು, ಆಕೆ ಹೇಗೂ ಎಲ್ಲರನ್ನೂ ಕೂಗಿ ಕರೆಯುತ್ತಾಳೆ, ಎಂದುಕೊಳ್ಳುತ್ತಿದ್ದೆ.

ಎದುರಿನಿಂದ ಕ್ಯಾಲನೂರು ಕಡೆಯ ಹಾಲಿನವನು ಬೈಕಿನಲ್ಲಿ ಬಂದ. ಹಿಂದೆ ಎರಡು ಕ್ಯಾನು. ನನ್ನನ್ನು ನೋಡಿ ಬೈಕು ಬದುವಿನಿಂದ ಕೆಳಗಿಳಿಸಿ, ಇಂಜಿನ್ ಆಫ್ ಮಾಡಿ, ದಾರಿ ಬಿಟ್ಟು ನಿಂತ. ಹೊರೆ ಹೊತ್ತವರಿಗೆ ಯಾರಾದರೂ ಹಾಗೆ ನಿಲ್ಲುತ್ತಾರೆ. ನಾನು ಕುತ್ತಿಗೆ ತಿರುಗಿಸದೆ ದಾಟಿದೆ.

ಟೆಂಪೋ ಡ್ರೈವರು ಕ್ರೇಟು ಇಳಿಸಿಕೊಂಡ. ತಲೆ ಹಗುರಾಗಿ, ಒಂದು ಕ್ಷಣ ಮೇಲಕ್ಕೆ ತೇಲಿದಂತಾಯಿತು. ಕೈ ಒರೆಸಿಕೊಂಡು ಅಲ್ಲೇ ನಿಂತು ಮಾಲೀಕರಿಗೆ ಮೆಸೇಜು ಹಾಕಿದೆ: “ಹೋಗ್ತೀನಿ ಸಾರ್. ಕ್ರೇಟಿನ ಹಿಡಿ ಎರಡು ಬೆರಳು ಕೆಳಗೆ ಬರಬೇಕು.”

ಉತ್ತರ ತಕ್ಷಣವೇ ಬಂತು: “ಮೊದಲನೇದಕ್ಕೆ ಸಂತೋಷ. ಎರಡನೇದಕ್ಕೆ ಅಚ್ಚು ಬಿಚ್ಚಬೇಕು, ಬಂದು ಮಾತಾಡಿ.”

ಓದಿ ಮುಗಿಸುವಷ್ಟರಲ್ಲಿ ತೋಟದಿಂದ ಅತ್ತೆಯ ದನಿ ಕೇಳಿಸಿತು.

“ಒಂದಕ್ಕೇ ಫೋನ್ ಹಿಡ್ಕೊಂಡು ನಿಂತ್ಯಾ? ಇನ್ನೂ ಎಂಟವೆ, ಬಾರೇ!”